ಹುಟ್ಟುಹಬ್ಬವಿಲ್ಲದ ಕೇಕು

ಇಲ್ಲ, ಕೇಕಿನ ಮೇಲೆ ಹೆಸರು ಬರೆದಿರಲಿಲ್ಲ ಎಂದೇ ಈಗ ಅನಿಸುತ್ತದೆ. ಬರೆದಿದ್ದರೆ ಆ ಮನುಷ್ಯ ಅದನ್ನೇ ಓದಿಕೊಳ್ಳುತ್ತಿದ್ದ, ಯಾರ ಹುಟ್ಟುಹಬ್ಬ ಎಂದು ಕೇಳುತ್ತಿರಲಿಲ್ಲ. ಅವನು ಕೇಳದಿದ್ದರೆ ನಾನು ಬೆರಳು ತೋರಿಸಬೇಕಾಗಿಯೂ ಇರಲಿಲ್ಲ. ಆದರೆ ಇಷ್ಟು ವರ್ಷ ಈ ಕಥೆಯನ್ನು ನನಗೆ ನಾನೇ ಹೇಳಿಕೊಂಡಾಗಲೆಲ್ಲ ಆ ಕೇಕಿನ ಮೇಲೆ ಗುಲಾಬಿ ಕ್ರೀಮಿನಲ್ಲಿ ಏನೋ ಬರೆದಿರುತ್ತಿತ್ತು. ಯಾವ ಹೆಸರು ಎಂದು ಹತ್ತಿರ ಹೋಗಿ ನೋಡಿದರೆ ಅಕ್ಷರ ಇರುತ್ತಿರಲಿಲ್ಲ. ಬಣ್ಣ ಮಾತ್ರ ಇರುತ್ತಿತ್ತು.

ನಾನು ಅಬುಧಾಬಿಯ ಒಂದು ಆಸ್ಪತ್ರೆಯಲ್ಲಿ ರೋಗಿಗಳ ದಾಖಲೆ ವಿಭಾಗದಲ್ಲಿದ್ದೇನೆ. ಕಾಗದದ ಫೈಲುಗಳ ಕಾಲದಲ್ಲಿ ಸೇರಿದವಳು. ಮೊದಲ ದಿನವೇ ಕಲಿಸಿದ ಪಾಠ ಇದು: ತಪ್ಪು ಬರೆದರೆ ಬಿಳಿ ಬಳಿಯಬಾರದು, ಗೀಚಿ ಕಪ್ಪು ಮಾಡಬಾರದು. ಒಂದೇ ಗೆರೆ ಎಳೆಯಬೇಕು, ಕೆಳಗಿರುವ ತಪ್ಪು ಓದಲು ಬರುವಂತೆ. ಪಕ್ಕದಲ್ಲಿ ಸಹಿ ಹಾಕಬೇಕು. ಆಮೇಲೆ ನೆನಪಾದದ್ದನ್ನು ಸೇರಿಸುವುದಾದರೆ ಮೇಲೆ ‘ಲೇಟ್ ಎಂಟ್ರಿ’ ಎಂದು ಬರೆಯಬೇಕು. ಆಗಲೇ ಬರೆದದ್ದು ಎಂಬಂತೆ ನಟಿಸಬಾರದು. ಇದನ್ನೂ ಹಾಗೆಯೇ ಬರೆಯಲು ನೋಡುತ್ತೇನೆ.

ಟೂರಿಸ್ಟ್ ಕ್ಲಬ್ ಏರಿಯಾದ ಹಳೆಯ ಕಟ್ಟಡ, ಏಳನೆಯ ಮಹಡಿ, ಎರಡು ಕೋಣೆ ಮತ್ತು ಒಂದು ಹಾಲ್. ಫ್ಲ್ಯಾಟು ಹಿರಿಯ ನರ್ಸ್ ಒಬ್ಬರ ಹೆಸರಿನಲ್ಲಿತ್ತು. ನಮ್ಮ ಕಡೆಯ ಕ್ರೈಸ್ತರಲ್ಲಿ ಹಿರಿಯ ಹೆಂಗಸರನ್ನು ಬಾಯಿ ಎಂದು ಕರೆಯುವ ರೂಢಿ, ಹಾಗಾಗಿ ನಾವೆಲ್ಲ ಅವರನ್ನು ಬಾಯಿ ಎನ್ನುತ್ತಿದ್ದೆವು. ಒಂದು ಕೋಣೆ ಬಾಯಿಯದು, ಇನ್ನೊಂದು ನನ್ನದು. ಹಾಲಿನ ಮೂಲೆಯಲ್ಲಿ ಹೂವಿನ ಪರದೆ ಎಳೆದು ಅದರ ಹಿಂದೆ ಒಂದು ಕಬ್ಬಿಣದ ಮಂಚ. ಇಲ್ಲಿ ಅದಕ್ಕೆ ಬೆಡ್‌ಸ್ಪೇಸ್ ಎನ್ನುತ್ತಾರೆ. ಮನೆಯಲ್ಲ, ಕೋಣೆಯಲ್ಲ, ಮಂಚದಷ್ಟೇ ಜಾಗ. ಆ ಮಂಚ ಅವಳದು. ಕಾರ್ಕಳದ ಕಡೆಯವಳು, ಒಂದು ಹೋಟೆಲಿನಲ್ಲಿ ಹಾಸಿಗೆಬಟ್ಟೆ ಮಡಿಸುವ ವಿಭಾಗದಲ್ಲಿ ಕೆಲಸ. ಮನೆಗೆ ಬಂದಮೇಲೂ ಟವೆಲ್, ಪರದೆ, ಕರವಸ್ತ್ರ, ಏನು ಕೈಗೆ ಸಿಕ್ಕರೂ ಮೂರು ಮಡಿಕೆ ಮಾಡಿ ಇಡುತ್ತಿದ್ದಳು.

ಅಕ್ಟೋಬರ್ ತಿಂಗಳು ತೇರ್ಸಿನ ತಿಂಗಳು. ತೇರ್ಸ್ ಎಂದರೆ ಜಪಮಾಲೆಯ ಪ್ರಾರ್ಥನೆ, ನಾವು ಕೊಂಕಣಿಯಲ್ಲಿ ಒಟ್ಟಾಗಿ ಹೇಳುವುದು. ಊರಿನಲ್ಲಿ ಮನೆಯಿಂದ ಮನೆಗೆ ಮಾತೆಯ ವಿಗ್ರಹ ಹೋದಂತೆ ಇಲ್ಲಿ ಫ್ಲ್ಯಾಟಿನಿಂದ ಫ್ಲ್ಯಾಟಿಗೆ ಹೋಗುತ್ತಿತ್ತು, ಸೂಪರ್‌ಮಾರ್ಕೆಟಿನ ಚೀಲದಲ್ಲಿ. ಪ್ರಾರ್ಥನೆಗೆ ಚರ್ಚಿನ ಆವರಣವಿದೆ, ಜಾಗ ಕೊಟ್ಟದ್ದು ಈ ದೇಶವೇ, ಅಲ್ಲಿ ಬೆಳಗಿನಿಂದ ಸಂಜೆಯವರೆಗೆ ಹತ್ತು ಭಾಷೆಗಳಲ್ಲಿ ಪೂಜೆ ನಡೆಯುತ್ತದೆ. ಆದರೆ ಫ್ಲ್ಯಾಟಿನಲ್ಲಿ ಇಪ್ಪತ್ತು ಜನ ಸೇರಿ ಪ್ರಾರ್ಥಿಸಬಹುದೇ ಎಂದು ನಾವು ಯಾರನ್ನೂ ಕೇಳಿರಲಿಲ್ಲ. ಕೇಳಿದರೆ ಉತ್ತರ ಸಿಗುತ್ತದೆ ಎಂಬ ಭಯದಿಂದ ಕೇಳಿರಲಿಲ್ಲ.

ಆದ್ದರಿಂದ ಕೇಕು. ಇದು ಬಾಯಿಯ ನಿಯಮ. ತೇರ್ಸ್ ನಡೆಯುವ ದಿನ ಮೇಜಿನ ಮೇಲೆ ಒಂದು ಕೇಕು ಇರಲೇಬೇಕು. ಯಾರಾದರೂ ಬಾಗಿಲು ಬಡಿದು ಇಷ್ಟೊಂದು ಜನ ಯಾಕೆ ಎಂದರೆ ಹುಟ್ಟುಹಬ್ಬ ಎನ್ನಬೇಕು.

“ಸುಳ್ಳಲ್ವಾ ಬಾಯಿ?” ಎಂದು ನಾನು ಒಮ್ಮೆ ಕೇಳಿದ್ದೆ.

“ಎಂತ ಸುಳ್ಳು? ಇಷ್ಟು ದೊಡ್ಡ ಭೂಮಿ ಮೇಲೆ ಇವತ್ತು ಯಾರದ್ದಾದ್ರೂ ಹುಟ್ಟಿದ ಹಬ್ಬ ಇರುದಿಲ್ವಾ? ಅವರದ್ದು ಅಂತ ತಿಳ್ಕೊ.”

ಕಟ್ಟಡದ ಕೆಳಗಿನ ಬೇಕರಿಯದು, ಯಾವಾಗಲೂ ಅದೇ ಅನಾನಸು ಕೇಕು. ಮೇಲೆ ಮೇಣದ ಬತ್ತಿಗಳನ್ನು ಚುಚ್ಚಿಟ್ಟಿರುತ್ತಿದ್ದೆವು, ಹಚ್ಚುತ್ತಿರಲಿಲ್ಲ. ಹಚ್ಚಿದ ಬತ್ತಿ ವಿಗ್ರಹದ ಮುಂದಿರುತ್ತಿತ್ತು. ಪರದೆಯ ಹಿಂದಿನವಳಿಗೆ ಈ ಏರ್ಪಾಡು ದೊಡ್ಡ ತಮಾಷೆ.

“ತಿಂಗಳಿಡೀ ಕೇಕ್ ಆಯ್ತಲ್ಲ ಬಾಯಿ, ಇನ್ನು ಮಾತೆಗೂ ಶುಗರ್ ಬರ್ತದೆ ನೋಡಿ.”

“ನಿನ್ನ ನಾಲಗೆಗೆ ಬರ್ಲಿ ಶುಗರ್. ಮೊದ್ಲು ಪ್ಲೇಟ್ ತೆಗಿ.”

ಹೀಗೆ ಬೈಸಿಕೊಂಡೇ ಅವಳು ಪ್ಲೇಟು ತೆಗೆಯುತ್ತಿದ್ದಳು. ಕೊನೆಯ ಸ್ತುತಿಯ ಹಳೆಯ ರಾಗ ಅವಳಿಗೆ ಮಾತ್ರ ಸರಿಯಾಗಿ ಬರುತ್ತಿದ್ದುದರಿಂದ ಅವಳಿಲ್ಲದೆ ತೇರ್ಸ್ ಮುಗಿಯುತ್ತಿರಲಿಲ್ಲ.

ಆ ದಿನ ಶುಕ್ರವಾರ. ಆಗ ರಜೆ ಶುಕ್ರವಾರವಿತ್ತು, ಈಗಿನಂತೆ ಶನಿವಾರ, ಭಾನುವಾರವಲ್ಲ. ಸಂಜೆ ಐದಾಗಿರಬೇಕು, ಏಕೆಂದರೆ ಹಾಲಿನ ಕಿಟಕಿಯಲ್ಲಿ ಬಿಸಿಲಿತ್ತು. ತೇರ್ಸಿನ ಐದು ಭಾಗಗಳಿಗೆ ರಹಸ್ಯ ಎನ್ನುತ್ತೇವೆ; ನಾಲ್ಕನೆಯ ರಹಸ್ಯ ಮುಗಿದು ಐದನೆಯದು ಶುರುವಾಗುವ ಹೊತ್ತಿಗೆ ಬಾಗಿಲ ಗಂಟೆ ಹೊಡೆಯಿತು. ಇದಕ್ಕೆ ಗೆರೆ: ಮೂರನೆಯದೂ ಇರಬಹುದು. ಎಲ್ಲರೂ ತಟ್ಟನೆ ನಿಲ್ಲಿಸಿದೆವು. ಯಾರೋ ವಿಗ್ರಹದ ಮೇಲೆ ಪರದೆಯ ಹಿಂದಿನವಳ ಟವೆಲ್ ಎಳೆದರು. ನಾನು ಬಾಗಿಲು ತೆರೆದೆ.

ಬಂದವನು ಕಟ್ಟಡ ನೋಡಿಕೊಳ್ಳುವ ಕಂಪನಿಯವನು, ಕೈಯಲ್ಲಿ ಒಂದು ಫೈಲು. ಸಿಟ್ಟಿನ ಮನುಷ್ಯನಲ್ಲ. ಹಿಂದಿ, ಇಂಗ್ಲಿಷ್, ಅರೇಬಿಕ್ ಬೆರೆಸಿ ಮಾತಾಡುತ್ತಿದ್ದ. “ಮಾಫಿ ಮುಷ್ಕಿಲಾ ಸಿಸ್ಟರ್, ತೊಂದರೆ ಏನಿಲ್ಲ. ಶೂಸ್ ಓನ್ಲಿ. ಪಕ್ಕದವರ ಕಂಪ್ಲೇಂಟ್ ಇದೆ,” ಎಂದು ಕಾರಿಡಾರಿನ ಕಡೆ ತೋರಿಸಿದ. ಅಲ್ಲಿ ನಮ್ಮೆಲ್ಲರ ಚಪ್ಪಲಿಗಳು ಲಿಫ್ಟಿನವರೆಗೆ ಹರಡಿದ್ದವು. ಆಮೇಲೆ ಅವನು ನನ್ನ ಭುಜದ ಮೇಲಿಂದ ಒಳಗೆ ನೋಡಿದ. “ಏನು ಪಾರ್ಟಿ?”

“ಹುಟ್ಟುಹಬ್ಬ,” ಎಂದೆ.

“ಯಾರದ್ದು?”

ನಾನು ಅವಳತ್ತ ಕೈ ತೋರಿಸಿದೆ. ಅವಳು ಪರದೆಗೆ ಒರಗಿ ನಿಂತಿದ್ದಳು. ಅವಳೇ ಯಾಕೆ? ಹತ್ತಿರದಲ್ಲಿದ್ದಳು ಎಂಬುದು ಒಂದು ಉತ್ತರ. ಅವಳ ಹೆಸರು ಯಾವ ಕಾಗದದಲ್ಲೂ ಇರಲಿಲ್ಲ ಎಂಬುದು ಇನ್ನೊಂದು.

“ಯಲ್ಲಾ, ಹ್ಯಾಪಿ ಬರ್ತ್‌ಡೇ! ಎಷ್ಟಾಯ್ತು?” ಎಂದು ಅವನು ನಕ್ಕ.

“ನಲವತ್ತು,” ಎಂದೆ, ಅವಳು ಬಾಯಿ ತೆರೆಯುವ ಮೊದಲೇ.

ಆಗ ಅವಳು ಹಿಂದಿಯಲ್ಲಿ ಸ್ಪಷ್ಟವಾಗಿ ಹೇಳಿದಳು: “ಇಲ್ಲ, ನನ್ನ ಹುಟ್ಟುಹಬ್ಬ ಅಲ್ಲ. ನಾವು ಪ್ರಾರ್ಥನೆ ಮಾಡ್ತಾ ಇದ್ದೇವೆ.” ಟವೆಲ್ ತೆಗೆದು, ಮೂರು ಮಡಿಕೆ ಮಾಡಿ, ವಿಗ್ರಹದ ಪಕ್ಕದಲ್ಲಿಟ್ಟಳು.

ಆ ಹಾಲಿನಲ್ಲಿದ್ದ ಪ್ರತಿಯೊಬ್ಬರೂ ಈ ಕ್ಷಣವನ್ನು ಬೇರೆಬೇರೆಯಾಗಿ ಹೇಳುತ್ತಾರೆ. ಅವಳು ಕೈಯಲ್ಲಿ ಜಪಮಾಲೆ ಎತ್ತಿ ಹಿಡಿದಿದ್ದಳು ಎನ್ನುವವರಿದ್ದಾರೆ. ಅವಳ ಮುಖ ಬೆಳಗಿತ್ತು ಎನ್ನುವವರೂ ಇದ್ದಾರೆ. ಬೆಳಗಿದ್ದರೆ ಅದು ಕಿಟಕಿಯ ಬಿಸಿಲು. ನನಗೆ ನೆನಪಿರುವುದು ಅವಳ ಹುಬ್ಬು. ಅವಳಿಗೆ ಆಗ ಮೂವತ್ತನಾಲ್ಕು. ನಾನು ನಲವತ್ತು ಎಂದಾಗ ಆ ಹುಬ್ಬು ಮೇಲೆ ಹೋಯಿತು. ಅವಳು ಸತ್ಯ ಹೇಳಿದ್ದು ವಿಶ್ವಾಸಕ್ಕೋ, ನಾನು ಆರು ವರ್ಷ ಹೆಚ್ಚು ಮಾಡಿದ ಸಿಟ್ಟಿಗೋ? ಎರಡೂ ಇರಬಹುದು. ಹುತಾತ್ಮರ ಚಿತ್ರಗಳಲ್ಲಿ ಎರಡನೆಯದನ್ನು ಬರೆಯುವುದಿಲ್ಲ.

ಅವನು ಗದರಲಿಲ್ಲ. “ಓಕೆ, ಓಕೆ,” ಎಂದು ಹಿಂದೆ ಸರಿದು ಫೈಲು ತೆರೆದ. ಈ ಫ್ಲ್ಯಾಟಿನ ಕರಾರಿನಲ್ಲಿ ಎರಡೇ ಹೆಸರುಗಳಿವೆ, ಇಲ್ಲಿ ಜನ ಸೇರುವಂತಿಲ್ಲ, ಹೆಚ್ಚುವರಿ ಮಂಚ ಹಾಕುವಂತಿಲ್ಲ ಎಂದು ಓದಿದ. ತನಗೆ ಒಂದು ಸಹಿ ಬೇಕು, ಅಷ್ಟೇ, ಖಲಾಸ್. ಇಂಗ್ಲಿಷಿನಲ್ಲಿ ಮೂರು ಸಾಲು ಅಚ್ಚಾದ ಕಾಗದ. ಈ ಮನೆಯಲ್ಲಿ ಯಾವ ಕೂಟವೂ ನಡೆಯುವುದಿಲ್ಲ. ಇಲ್ಲಿ ವಾಸಿಸುವವರು ಕರಾರಿನಲ್ಲಿರುವವರು ಮಾತ್ರ. ಬೇರೆ ಯಾರಾದರೂ ಕಂಡಿದ್ದರೆ ಅವರು ಅತಿಥಿಗಳು.

ಬಾಯಿ ರಕ್ತದೊತ್ತಡ ಏರಿತೆಂದು ಕೋಣೆಗೆ ಹೋಗಿ ಮಲಗಿದ್ದರು. ಕರಾರಿನ ಎರಡನೆಯ ಹೆಸರು ನನ್ನದು. ಆರು ವಾರದ ಹಿಂದಷ್ಟೇ ಸೇರಿಸಿಕೊಂಡಿದ್ದೆ. ನನ್ನ ಮಗಳಿಗೆ ಆಗ ನಾಲ್ಕು ವರ್ಷ. ಗಂಡ ಹಡಗಿನ ಕೆಲಸದಲ್ಲಿ. ಮಗು ಊರಿನಲ್ಲಿ ಅಜ್ಜಿಯ ಬಳಿ ಬೆಳೆಯುತ್ತಿತ್ತು; ಫೋನಿನಲ್ಲಿ ನನ್ನನ್ನು ‘ದುಬೈ ಆಂಟಿ’ ಎನ್ನುತ್ತಿತ್ತು, ನಾನಿದ್ದದ್ದು ಅಬುಧಾಬಿಯಾದರೂ. ಅವಳನ್ನು ಕರೆಸಿಕೊಳ್ಳುವ ವೀಸಾಕ್ಕೆ ನನ್ನ ಹೆಸರಿನ ಮನೆ ಕರಾರು ಬೇಕಿತ್ತು. ಅರ್ಜಿ ಆ ವಾರ ಸರಕಾರಿ ಅರ್ಜಿ ತುಂಬಿಕೊಡುವ ಟೈಪಿಂಗ್ ಸೆಂಟರಿನಲ್ಲಿತ್ತು.

ಸಹಿ ಹಾಕಿದೆ. ಗಟ್ಟಿಮುಟ್ಟಾದ, ಆಸ್ಪತ್ರೆಯ ಫೈಲುಗಳಿಗೆ ಹಾಕುವ ಸಹಿ. ‘ಅತಿಥಿ’ ಎಂಬ ಪದದ ಮೇಲೆ ಅವಳ ಕಣ್ಣಿತ್ತು. ಕಾಗದ ಅವಳಿಗೂ ಕಾಣುತ್ತಿತ್ತು.

ಅತಿಥಿಯಾದಮೇಲೆ ಅವಳು ಉಳಿಯುವಂತಿರಲಿಲ್ಲ. ಮರುದಿನ ಅಥವಾ ಅದರ ಮರುದಿನ ಹೊರಟಳು. ಲಿಫ್ಟಿನವರೆಗೆ ನಾನು ಅವಳ ಸೂಟ್‌ಕೇಸು ಎಳೆದುಕೊಂಡು ಹೋದೆ. ಇದಕ್ಕೂ ಗೆರೆ: ಎಳೆದೆ ಎಂದು ಬರೆಯಲು ನನಗೆ ಇಷ್ಟ. ಅವಳೇ ಎಳೆದಳು, ನಾನು ಬಾಗಿಲಲ್ಲಿ ನಿಂತಿದ್ದೆ ಎಂಬ ಇನ್ನೊಂದು ಚಿತ್ರವೂ ಇದೆ. ಎರಡರಲ್ಲೂ ಅವಳ ಮಾತು ಮಾತ್ರ ಒಂದೇ.

“ನಂಗೆ ನಲ್ವತ್ತು ಮಾಡಿ ಬಿಟ್ಟೆ ಅಲ್ವಾ ಮಾರಾಯ್ತಿ. ಮಗಳು ಬಂದ ಮೇಲೆ ಒಂದು ಫೋಟೋ ಕಳ್ಸು.”

ಮಗಳು ಬಂದಳು. ಫೋಟೋ ಕಳಿಸಲಿಲ್ಲ. ಮೊದಲು ಒಂದು ಒಳ್ಳೆಯ ಫೋಟೋ ಬರಲಿ ಎಂದುಕೊಂಡೆ. ಆಮೇಲೆ ತಡವಾಯಿತಲ್ಲ ಎಂದು ಕಳಿಸಲಿಲ್ಲ. ಕೊನೆಗೊಮ್ಮೆ ಪ್ರಯತ್ನಿಸಿದಾಗ ಆ ನಂಬರು ಬೇರೆ ಯಾರದೋ ಆಗಿತ್ತು.

ನಮ್ಮ ತೇರ್ಸಿನ ಗುಂಪು ಚರ್ಚಿನ ಆವರಣದ ಒಂದು ಹಾಲಿಗೆ ಹೋಯಿತು. ಅಲ್ಲಿ ಅದು ಬೆಳೆಯಿತು. ಫ್ಲ್ಯಾಟಿನಲ್ಲಿ ಇಪ್ಪತ್ತು ಜನರಿದ್ದದ್ದು ಈಗ ಹಾಲಿನ ಹೊರಗೂ ಕುರ್ಚಿ ಹಾಕುವಷ್ಟಾಗಿದೆ. ಪ್ರತಿ ವರ್ಷ ಅಕ್ಟೋಬರಿನಲ್ಲಿ ಹೊಸಬರಿಗೆ ಯಾರಾದರೊಬ್ಬರು ಆ ಶುಕ್ರವಾರದ ಕಥೆ ಹೇಳುತ್ತಾರೆ. ಕಥೆಯಲ್ಲಿ ಈಗ ಇಬ್ಬರು ಅಧಿಕಾರಿಗಳು ಬರುತ್ತಾರೆ. ಚಪ್ಪಲಿಗಳು ಕಥೆಯಿಂದ ಹೋಗಿವೆ. ‘ಅತಿಥಿ’ ಕಾಗದವೂ ಇಲ್ಲ. ಒಬ್ಬಳು ಎದ್ದು ನಿಂತು ನಿಜ ಹೇಳಿದಳು, ಅದರಿಂದ ಗುಂಪು ಬೆಳೆಯಿತು.

ಗುಂಪು ಬೆಳೆಯಲು ಬೇರೆ ಕಾರಣಗಳೂ ನನಗೆ ಗೊತ್ತು. ಹಾಲಿಗೆ ಒಳ್ಳೆಯ ಏಸಿ ಇದೆ. ಪಕ್ಕದ ಕೋಣೆಯಲ್ಲಿ ಮಕ್ಕಳ ತರಗತಿ ಅದೇ ಹೊತ್ತಿಗೆ ನಡೆಯುತ್ತದೆ, ತಾಯಂದಿರಿಗೆ ಕಾಯಲು ಒಂದು ಜಾಗ ಬೇಕು. ಚಪ್ಪಲಿ ಬಿಡಲು ಬೇಕಾದಷ್ಟು ಸ್ಥಳವಿದೆ. ಇವನ್ನೆಲ್ಲ ಯಾರೂ ಹೇಳುವುದಿಲ್ಲ. ಏಸಿಯಿಂದ ಬೆಳೆದ ಗುಂಪಿಗೆ ಇತಿಹಾಸ ಎಲ್ಲಿರುತ್ತದೆ?

ಈ ವರ್ಷ ಗುಂಪಿನ ವಾರ್ಷಿಕೋತ್ಸವಕ್ಕೆ ಸ್ಮರಣ ಸಂಚಿಕೆ ತರುವುದೆಂದಾಯಿತು. ನಮ್ಮವರು ಎಲ್ಲಿ ಹತ್ತು ಜನ ಸೇರಿದರೂ ಸ್ಮರಣ ಸಂಚಿಕೆ ಬರುತ್ತದೆ. ಕೊಂಕಣಿ ಭಾಗ, ಕನ್ನಡ ಭಾಗ, ಮಕ್ಕಳಿಗೆಂದು ಇಂಗ್ಲಿಷ್ ಭಾಗ, ಉಳಿದದ್ದು ಶುಭಾಶಯದ ಜಾಹೀರಾತು. ಅದರ ಸಂಪಾದಕ ನಮ್ಮ ಗುಂಪಿನ ಹಳಬ, ಆ ಶುಕ್ರವಾರ ಹಾಲಿನಲ್ಲಿದ್ದವನು. ಕನ್ನಡ ಭಾಗಕ್ಕೆ ಗುಂಪಿನ ಇತಿಹಾಸ ಬರೆಯಬೇಕೆಂದು ನನ್ನನ್ನು ಕೇಳಿದ.

“ಆದಿಯ ಕ್ರೈಸ್ತರಿಂದ ಶುರು ಮಾಡಿ,” ಎಂದ ಉತ್ಸಾಹದಿಂದ. “ಸಿಂಹದ ಬಾಯಿಗೆ ಹಾಕಿದ್ರು, ನೆಲದ ಒಳಗೆ ಅಡಗಿ ಪೂಜೆ ಮಾಡಿದ್ರು, ಹಿಂಸೆ ಹೆಚ್ಚಾದ ಹಾಗೆ ಧರ್ಮಸಭೆ ಬೆಳೀತಾ ಹೋಯ್ತು. ಹಾಗೇ ನಮ್ಮದೂ ಅಂತ ಕೇಕಿನ ಕಥೆಗೆ ಬನ್ನಿ. ಒಂದೇ ಪುಟ ಸಾಕು.”

“ನಮ್ಮದು ಹಿಂಸೆ ಅಲ್ಲ ಮಾರಾಯ್ರೆ. ಚಪ್ಪಲಿ ಕಂಪ್ಲೇಂಟ್.”

“ಅದು ನಿಮ್ಗೆ ಗೊತ್ತುಂಟು, ನಂಗೆ ಗೊತ್ತುಂಟು. ಮಕ್ಕಳಿಗೆ ಯಾಕೆ?”

ಮಕ್ಕಳಿಗೆ. ಇಲ್ಲಿ ಇನ್ನೊಂದು ವಿಷಯ ಹೇಳಬೇಕು. ಆ ಸಹಿಯ ಎರಡು ವರ್ಷದ ನಂತರ ನಾನು ಚರ್ಚಿನಲ್ಲಿ ಮಕ್ಕಳಿಗೆ ಧರ್ಮೋಪದೇಶ ಕಲಿಸಲು ಸೇರಿಕೊಂಡೆ. ಯಾರೂ ಒತ್ತಾಯಿಸಿರಲಿಲ್ಲ. ಈಗ ದೊಡ್ಡ ಮಕ್ಕಳ ತರಗತಿ ನನ್ನದು. ಅದರಲ್ಲಿ ಆದಿ ಕ್ರೈಸ್ತರ ಪಾಠ ಬರುತ್ತದೆ. ಪುಸ್ತಕದ ಪುಟದಲ್ಲಿ ಎಡಕ್ಕೆ ಸಿಂಹ, ಬಲಕ್ಕೆ ದೊಡ್ಡ ಚರ್ಚು, ನಡುವೆ ಒಂದು ಬಾಣದ ಗುರುತು. ಆ ಬಾಣವನ್ನು ನಾನು ಹಲವು ವರ್ಷ ಹಾಗೆಯೇ ಕಲಿಸಿದೆ.

ಈ ವರ್ಷ, ಸಂಪಾದಕ ಕೇಳಿದ ಮೇಲೆ, ಸ್ವಲ್ಪ ಓದಿದೆ. ಮೂರನೆಯ ಶತಮಾನದಲ್ಲಿ ಒಬ್ಬ ಚಕ್ರವರ್ತಿ ಎಲ್ಲರೂ ದೇವತೆಗಳಿಗೆ ಬಲಿ ಅರ್ಪಿಸಬೇಕು, ಅರ್ಪಿಸಿದ್ದಕ್ಕೆ ಕಾಗದ ಪಡೆಯಬೇಕು ಎಂದು ಆಜ್ಞೆ ಮಾಡಿದ. ನಿರಾಕರಿಸಿದವರು ಸೆರೆಗೆ ಹೋದರು, ಕೆಲವರು ಸತ್ತರು. ಆದರೆ ಬಹಳ ಜನ ಕ್ರೈಸ್ತರು ಸಾಲಿನಲ್ಲಿ ನಿಂತು ಚಿಟಿಕೆ ಧೂಪ ಹಾಕಿ ಕಾಗದ ತೆಗೆದುಕೊಂಡರು. ಧೂಪ ಹಾಕದೆ, ಹಾಕಿದ್ದೇನೆ ಎಂಬ ಕಾಗದ ಮಾತ್ರ ಹೇಗೋ ಮಾಡಿಸಿಕೊಂಡ ಜಾಣರೂ ಇದ್ದರು. ಅಂಥ ಕಾಗದಗಳು ಈಜಿಪ್ಟಿನ ಮರಳಿನಲ್ಲಿ ಇವತ್ತಿನವರೆಗೂ ಉಳಿದು ಸಿಕ್ಕಿವೆ. ಸಹಿ, ಸಾಕ್ಷಿ, ವಯಸ್ಸು, ಕೆಲವುಗಳಲ್ಲಿ ಹುಬ್ಬಿನ ಮೇಲಿನ ಗಾಯದ ಗುರುತು ಕೂಡ. ದಾಖಲೆ ವಿಭಾಗದವಳಾಗಿ ನಾನು ಅದನ್ನು ಎರಡು ಸಲ ಓದಿದೆ. ಒಪ್ಪಿದವರಿಗೆ ಕಾಗದ ಸಿಕ್ಕಿತು, ಆ ಕಾಗದ ಉಳಿಯಿತು. ಒಪ್ಪದವರಿಗೆ ಕಾಗದವೇ ಇರಲಿಲ್ಲ.

ಹಿಂಸೆ ತಣ್ಣಗಾದ ಮೇಲೆ ಸಹಿ ಮಾಡಿದವರು ಹಿಂದಕ್ಕೆ ಬಂದರು. ಅವರನ್ನು ಸೇರಿಸಿಕೊಳ್ಳಬೇಕೇ ಎಂದು ದೊಡ್ಡ ಜಗಳವಾಯಿತು. ಕೊನೆಗೆ ವರ್ಷಗಟ್ಟಲೆ ಪ್ರಾಯಶ್ಚಿತ್ತ ಮಾಡಿಸಿ ಒಳಗೆ ಬಿಟ್ಟರು. ಇದನ್ನು ತರಗತಿಯಲ್ಲಿ ಹೇಳಿದೆ. ಪುಸ್ತಕದಲ್ಲಿಲ್ಲದ್ದು, ಹೇಳಬಾರದಿತ್ತೇನೋ.

ಹಿಂದಿನ ಬೆಂಚಿನಿಂದ ಒಂದು ಹುಡುಗಿ ಕೇಳಿದಳು: “ಸೋ ಮಿಸ್, ಸೈನ್ ಮಾಡಿದವರು ವರ್ ಮೋರ್, ರೈಟ್? ದೆನ್ ದಿ ಚರ್ಚ್ ಗ್ರೂ ಫ್ರಮ್ ದೆಮ್ ಓನ್ಲಿ, ನೋ?”

ನನ್ನ ನೆನಪಿನಲ್ಲಿ ಆ ಹುಡುಗಿ ನನ್ನ ಮಗಳು. ಅವಳೂ ಅದೇ ತರಗತಿಯಲ್ಲಿದ್ದಾಳೆ, ಅಲ್ಲಿ ನನ್ನನ್ನು ಮಿಸ್ ಎಂದೇ ಕರೆಯುತ್ತಾಳೆ. ಆದರೆ ಇದು ತೀರ ಹೊಂದಿಕೊಳ್ಳುತ್ತದೆ, ಆದ್ದರಿಂದ ಅನುಮಾನ. ಕೇಳಿದ್ದು ಅವಳ ಪಕ್ಕದ ಹುಡುಗಿ ಇರಬಹುದು, ನಾನು ಮಾತನ್ನು ಮಗಳ ಬಾಯಿಗೆ ಇಟ್ಟಿರಬಹುದು. ಮನೆಗೆ ಹೋಗಿ ಕೇಳಿದೆ. “ಐ ಡೋಂಟ್ ರಿಮೆಂಬರ್, ಮಮ್ಮಿ,” ಎಂದಳು, ಫೋನಿನಿಂದ ತಲೆ ಎತ್ತದೆ.

ನಮ್ಮ ಮನೆತನದಲ್ಲೂ ಒಂದು ಕಥೆಯಿದೆ. ಹದಿನೆಂಟನೆಯ ಶತಮಾನದಲ್ಲಿ ನಮ್ಮ ಜನರನ್ನು ಸೆರೆ ಹಿಡಿದು ಘಟ್ಟದಾಚೆ ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದ ಕಾಲದ್ದು. ಕರಾವಳಿಯ ಯಾವ ಕ್ರೈಸ್ತ ಮನೆಯಲ್ಲಿ ಕೇಳಿದರೂ ತಮ್ಮ ಹಿರಿಯರು ಆ ಸಾಲಿನಲ್ಲಿ ನಡೆದು, ಬದುಕಿ, ಹಿಂತಿರುಗಿದವರೇ. ನೆರೆಯವರ ಅಟ್ಟದಲ್ಲಿ ಹುಲ್ಲಿನೊಳಗೆ ಅಡಗಿ ಉಳಿದವರ ಮಕ್ಕಳು ಎಲ್ಲಿ ಹೋದರು? ಯಾರ ಮನೆಯ ಕಥೆಯಲ್ಲೂ ಅವರಿಲ್ಲ. ಅಡಗಿ ಉಳಿದವರಿಂದಲೇ ನಾನು ಬಂದಿರಬಹುದು ಎಂದು ಅಜ್ಜಿಗೆ ಒಮ್ಮೆ ಹೇಳಿದ್ದಕ್ಕೆ ಅವಳು ಎರಡು ದಿನ ಮಾತಾಡಿರಲಿಲ್ಲ.

ಆ ಪುಟ ಬರೆಯುವ ಮೊದಲು ನನಗೆ ಒಂದು ವಿಷಯ ಗೊತ್ತಾಗಬೇಕಿತ್ತು. ನನ್ನ ಸಹಿಯಿಂದ ಅವಳು ಕಳೆದುಕೊಂಡದ್ದು ಮಂಚವನ್ನು ಮಾತ್ರವೇ, ಇನ್ನೂ ಏನಾದರೂ ಇತ್ತೇ? ಕೆಲವು ತಿಂಗಳಲ್ಲಿ ಅವಳು ಹೋಟೆಲು ಬಿಟ್ಟಳು ಎಂದು ಕೇಳಿದ್ದೆ. ದೂರದ ಕೆಲಸಗಾರರ ಕ್ಯಾಂಪಿನಲ್ಲಿ ಜಾಗ ಸಿಕ್ಕಿ ಬೆಳಗಿನ ಪಾಳಿಗೆ ತಲುಪಲಾಗಲಿಲ್ಲ ಎಂದರು ಒಬ್ಬರು. ಒಳ್ಳೆಯ ಕೆಲಸ ಸಿಕ್ಕಿತು, ಹೋದಳು ಎಂದರು ಈಗ ಊರು ಸೇರಿರುವ ಬಾಯಿ, ಫೋನಿನಲ್ಲಿ. ಎಲ್ಲರೂ ಒಪ್ಪಿದ್ದು ಒಂದನ್ನೇ: ಆಮೇಲೆ ಅವಳು ರುವೈಸಿನಲ್ಲಿದ್ದಳು, ತೈಲ ಕಂಪನಿಗಳ ಸಿಬ್ಬಂದಿ ವಸತಿಯ ಊಟದ ಮನೆಯಲ್ಲಿ.

ಒಂದು ಶನಿವಾರ ಬಸ್ ಹತ್ತಿದೆ. ಕಿಟಕಿಯ ಒಂದು ಬದಿಗೆ ಮರಳು, ಇನ್ನೊಂದು ಬದಿಗೆ ಆಗೊಮ್ಮೆ ಈಗೊಮ್ಮೆ ಸಮುದ್ರ. ಕೈಚೀಲದಲ್ಲಿ ಮಗಳ ಒಂದು ಫೋಟೋ ಇತ್ತು, ಬಂದ ವರ್ಷದ್ದು. ಕಾಗದದ ಮೇಲೆ ಪ್ರಿಂಟ್ ಹಾಕಿಸಿದ್ದೆ.

ಅವಳು ಅಲ್ಲಿರಲಿಲ್ಲ. ಹೋಗಿ ಮೂರು ವರ್ಷವಾಗಿತ್ತು. ಅವಳ ಜೊತೆ ಕೋಣೆಯಲ್ಲಿದ್ದವಳು, ಶಿರ್ವದ ಕಡೆಯ ಹೆಂಗಸು, ಪಾಳಿ ಮುಗಿಸಿ ಬಂದು ಊಟದ ಮನೆಯ ಹೊರಗಿನ ಬೆಂಚಿನ ಮೇಲೆ ನನ್ನ ಪಕ್ಕ ಕುಳಿತಳು. ನಾನು ಯಾರೆಂದು ಹೇಳಿದೆ. ಹಳೆಯ ರೂಮ್‌ಮೇಟ್ ಎಂದಷ್ಟೇ ಹೇಳಿದೆ.

“ಒಳ್ಳೆ ಜನ ಅವಳು. ತಮಾಷೆ ಮಾಡಿ ಮಾಡಿ ನಮ್ಮನ್ನು ಸಾಯಿಸ್ತಿದ್ಳು,” ಎಂದಳು. “ಎಂತ, ಏನಾದ್ರೂ ಸುದ್ದಿ ಉಂಟಾ ಅವಳದ್ದು?”

“ಅದನ್ನೇ ಕೇಳ್ಲಿಕ್ಕೆ ಬಂದೆ. ಇಲ್ಲಿ ತೇರ್ಸ್ ಹೇಳಿಸ್ತಿದ್ದಳಾ? ಕೊನೆಯ ರಾಗ ಅವಳಿಗೆ ಚೆನ್ನಾಗಿ ಬರ್ತಿತ್ತು.”

ಅವಳು ನನ್ನ ಮುಖ ನೋಡಿದಳು. “ಅವಳಾ? ಅವಳು ತೇರ್ಸಿಗೆ ಕೂರ್ತಾನೇ ಇರ್ಲಿಲ್ಲ. ಅಕ್ಟೋಬರ್‌ನಲ್ಲಿ ನಾವು ನಾಲ್ಕು ಜನ ಮೆಲ್ಲ ರೂಮಲ್ಲಿ ಹೇಳ್ತಿದ್ದೆವು. ನಾವು ಶುರು ಮಾಡಿದ ಕೂಡ್ಲೇ ಅವಳು ಹೊರಗೆ ಹೋಗ್ತಿದ್ಳು. ‘ನೀವು ಮಾಡಿ, ನಂದು ಆಗಿದೆ’ ಅಂತಿದ್ಳು.”

“ಆಗಿದೆ ಅಂದ್ರೆ?”

“ಯಾರಿಗೆ ಗೊತ್ತು? ಆ ಕಡೆ ನಡ್ಕೊಂಡು ಹೋಗ್ತಿದ್ಳು.” ಬೇಲಿಯಾಚೆ ಸಮುದ್ರದ ಕಡೆ ಕೈ ತೋರಿಸಿದಳು. “ಒಂದು ಗಂಟೆ ಬಿಟ್ಟು ಬರ್ತಿದ್ಳು. ಅಲ್ಲಿ ಎಂತ ಮಾಡ್ತಿದ್ಳೋ, ನಾನು ಹಿಂದೆ ಹೋಗಿ ನೋಡಿದ್ದು ಇಲ್ಲ.”

“ಕೆಲಸ ಬಿಟ್ಟದ್ದು ಯಾಕೆ?”

“ಕಾಂಟ್ರಾಕ್ಟ್ ಖಲಾಸ್. ಕೆಲವರು ಕತಾರ್ ಅಂತಾರೆ, ಕೆಲವರು ಊರು ಅಂತಾರೆ. ಊರಿಗೆ ಹೋದ್ರೆ ನಂಗೆ ಹೇಳ್ತಿದ್ಳು ಅಂತ ನನ್ನ ಲೆಕ್ಕ.” ಆಮೇಲೆ ಕೇಳಿದಳು: “ನಿಮ್ಗೂ ಅವಳಿಗೂ ಜಗಳವಾ?”

“ಇಲ್ಲ,” ಎಂದೆ. ಜಗಳವಾಗಿದ್ದರೆ ಒಳ್ಳೆಯದಿತ್ತು.

ಫೋಟೋವನ್ನು ತೋರಿಸದೆ ಹಿಂದಕ್ಕೆ ತಂದೆ. ಬಸ್ಸಿನಲ್ಲಿ ಒಂದೇ ವಿಷಯವನ್ನು ತಿರುಗಿಸಿ ತಿರುಗಿಸಿ ನೋಡಿದೆ. ಸಹಿ ಮಾಡಿದವಳು ತರಗತಿಯಲ್ಲಿ ಹುತಾತ್ಮರ ಪಾಠ ಮಾಡುತ್ತಿದ್ದಾಳೆ. ನಿಜ ಹೇಳಿದವಳು ಪ್ರಾರ್ಥನೆ ಶುರುವಾದರೆ ಎದ್ದು ಹೋಗುತ್ತಿದ್ದಳು. ಇದೂ ಒಂದು ಅಚ್ಚುಕಟ್ಟಾದ ಕಥೆಯೇ, ತಲೆಕೆಳಗಾದದ್ದು. ಇದನ್ನೂ ನಂಬಬಾರದು.

ಪುಟ ಬರೆದೆ. ಚಪ್ಪಲಿಯನ್ನು ಬರೆದೆ, ಏಸಿಯನ್ನು ಬರೆದೆ, ನಲವತ್ತು ಎಂದದ್ದನ್ನು ಬರೆದೆ. ಆ ಕಾಗದಕ್ಕೆ ನಾನು ಸಹಿ ಮಾಡಿದೆ, ಅವಳು ಇದೇ ಕಾರಣಕ್ಕೆ ಮನೆ ಬಿಡಬೇಕಾಯಿತು ಎಂದು ಕೊನೆಯ ಪ್ಯಾರಾದಲ್ಲಿ ಬರೆದೆ. ಸಂಚಿಕೆ ಅಚ್ಚಾಗುತ್ತಿದ್ದದ್ದು ದುಬೈಯ ರಾಸ್ ಅಲ್ ಖೋರಿನಲ್ಲಿ, ಕಾರು ರಿಪೇರಿಯ ಶೆಡ್ಡುಗಳ ನಡುವಿನ ಒಂದು ಪ್ರೆಸ್ಸಿನಲ್ಲಿ. ಪ್ರೂಫ್ ನೋಡಲು ಬನ್ನಿ ಎಂದು ಸಂಪಾದಕ ಕರೆದ. ಪಕ್ಕದ ಶೆಡ್ಡಿನಲ್ಲಿ ಯಾರೋ ಬಾನೆಟ್ಟಿನ ಮೇಲೆ ಸುತ್ತಿಗೆ ಹೊಡೆಯುತ್ತಿದ್ದರು, ಆದ್ದರಿಂದ ಇಬ್ಬರೂ ಕೂಗಿ ಮಾತಾಡಬೇಕಾಯಿತು.

“ಇದು ಸ್ಮರಣ ಸಂಚಿಕೆಯಾ ಮಾರಾಯ್ತಿ, ಪಾದ್ರಿ ಕಿವಿಗೆ ತಪ್ಪು ಹೇಳುವ ಕುಮ್ಸಾರವಾ?”

“ನಡೆದದ್ದು.”

“ನಿಮ್ಮ ಸಹಿ ಯಾರಿಗೆ ಬೇಕು? ಅವಳು ಹೇಳಿದ್ದು ಬೇಕು. ಅದನ್ನು ಕೇಳಿ ಎಷ್ಟು ಜನ ಹಾಲಿಗೆ ಬಂದ್ರು ಗೊತ್ತುಂಟಾ? ನಾನು ಬಂದದ್ದೇ ಅದಕ್ಕೆ. ನಾನು ಅವತ್ತು ಕೇಕಿಗೆ ಬಂದಿದ್ದವ, ಪ್ರಾರ್ಥನೆಗೆ ಅಲ್ಲ. ಅವಳು ಟವೆಲ್ ತೆಗೆದಳಲ್ಲ, ಆಮೇಲೆ ನಾನು ಒಂದು ವಾರವೂ ತಪ್ಪಿಸ್ಲಿಲ್ಲ. ಅದು ಸುಳ್ಳಾ?”

ಅವನ ಕಣ್ಣು ತುಂಬಿತ್ತು. ಒಬ್ಬ ಮನುಷ್ಯನಾದರೂ ಹಾಗೆ ಬಂದಿದ್ದ, ನನ್ನೆದುರು ನಿಂತಿದ್ದ. ಪುಸ್ತಕದ ಬಾಣದ ಗುರುತು ಪೂರ್ತಿ ಸುಳ್ಳಲ್ಲ.

“ಹಾಗಾದ್ರೆ ನಿಮ್ಮದನ್ನು ನೀವು ಬರೀರಿ,” ಎಂದೆ. “ನಂದಕ್ಕೆ ಕತ್ತರಿ ಹಾಕ್ಬೇಡಿ. ಹಾಕುದಾದ್ರೆ ಪೂರ್ತಿ ತೆಗೀರಿ.”

ಅವನು ಪೂರ್ತಿ ತೆಗೆದ. ಆ ಜಾಗದಲ್ಲಿ ಒಂದು ಬೇಕರಿಯ ಶುಭಾಶಯ ಬಂತು. ಸಿಟ್ಟಿನಿಂದ ಮಾಡಿದ್ದಲ್ಲ, ಪುಟ ಖಾಲಿ ಬಿಡುವಂತಿರಲಿಲ್ಲ. ಬಿಡುಗಡೆಯ ದಿನ ಹಾಲಿನಲ್ಲಿ ಅವನೇ ಎದ್ದು ನಿಂತು ಕೇಕಿನ ಕಥೆ ಹೇಳಿದ. ಅಧಿಕಾರಿಗಳು ಇಬ್ಬರಾಗಿಯೇ ಉಳಿದಿದ್ದರು, ಆದರೆ ಈ ಸಲ ಚಪ್ಪಲಿಗಳು ಮರಳಿ ಬಂದಿದ್ದವು. ಜನ ನಕ್ಕರು. ನನ್ನ ಮಗಳೂ ನಕ್ಕಳು. ಸಹಿ ಮಾಡಿದ್ದು ಯಾರು ಎಂದು ಅವನು ಹೇಳಲಿಲ್ಲ, ನನ್ನತ್ತ ನೋಡಲೂ ಇಲ್ಲ. ನಾನೂ ಎದ್ದು ನಿಲ್ಲಲಿಲ್ಲ.

ಮಗಳಿಗೆ ಕಾರಿನಲ್ಲಿ ಹೇಳಿದೆ. ಕಾಗದ, ಅತಿಥಿ, ಅವಳ ವೀಸಾ, ಎಲ್ಲವನ್ನೂ. ಅವಳು ಕೈಯಲ್ಲಿದ್ದ ಫೋನನ್ನು ಚೀಲಕ್ಕೆ ಹಾಕಿದಳು. ಆಮೇಲೆ, “ಸೋ ಐ ಕೇಮ್ ಬಿಕಾಸ್ ಶಿ ವೆಂಟ್?” ಎಂದಳು. ಸಿಗ್ನಲ್ ಹಸಿರಾಯಿತು. ಹಾಗೆ ಅಲ್ಲ ಎಂದೆನೋ, ಹೌದು ಎಂದೆನೋ. ಇದು ಕಳೆದ ವಾರ ನಡೆದದ್ದು, ಆದರೂ ಖಚಿತವಾಗಿ ಹೇಳಲಾರೆ.

ಲೇಟ್ ಎಂಟ್ರಿ. ಅವಳು ಎಲ್ಲಿದ್ದಾಳೆ ಎಂದು ನನಗೆ ಗೊತ್ತಿಲ್ಲ. ಹೋಟೆಲಿನ ಕೆಲಸ ನನ್ನ ಸಹಿಯಿಂದ ಹೋಯಿತೇ ಎಂಬುದೂ ಗೊತ್ತಿಲ್ಲ. ರುವೈಸಿನಲ್ಲಿ ಆ ಒಂದು ಗಂಟೆ ಅವಳು ಸಮುದ್ರದ ಕಡೆ ಹೋಗಿ ಏನು ಮಾಡುತ್ತಿದ್ದಳು, ಪ್ರಾರ್ಥನೆಯನ್ನೇ ಬಿಟ್ಟಿದ್ದಳೋ ಅಥವಾ ನಮ್ಮಂಥವರ ಜೊತೆ ಮಾಡುವುದನ್ನು ಮಾತ್ರ ಬಿಟ್ಟಿದ್ದಳೋ, ನನಗೆ ಗೊತ್ತಿಲ್ಲ.